ಮುಂದೆ ಮೀಸೆ, ಹಿಂದೆ ನೀರು

ಚೂಟಿಗೆ ಆ ಅಡ್ಡಹೆಸರು ಬಂದದ್ದು ಅವಳ ಅಪ್ಪನ ಸಲೂನಿನಲ್ಲೇ. ನಡೆಯಲು ಕಲಿತ ಹೊಸದರಲ್ಲಿ ಗಿರಾಕಿಗಳ ಕುರ್ಚಿಯ ಕೆಳಗೆ ನುಸುಳಿ, ಬಿದ್ದ ಕೂದಲನ್ನು ವಿಂಗಡಿಸಿ ಗುಡ್ಡೆ ಹಾಕುತ್ತಿದ್ದಳಂತೆ: ಕರಿದು ಒಂದು ಕಡೆ, ಬಿಳಿದು ಒಂದು ಕಡೆ, ಬಣ್ಣ ಹಚ್ಚಿಕೊಂಡವರದು ಬೇರೆಯೇ ಕಡೆ. ಆ ಕೊನೆಯ ಗುಡ್ಡೆಯನ್ನು ಕಂಡು ಒಂದಿಬ್ಬರು ಮುಖ ಊದಿಸಿಕೊಂಡು ಎದ್ದುಹೋದದ್ದೂ ಉಂಟು. ಉಳಿದವರು ನಕ್ಕು, "ಕೂಸು ಭಾರಿ ಚೂಟಿ ಕಣಯ್ಯಾ," ಎಂದರು. ಹೆಸರು ಅಂಟಿಕೊಂಡಿತು.

ಸಲೂನು ಉದ್ದಕ್ಕೆ ರೈಲು ಡಬ್ಬಿಯ ಹಾಗೆ. ಮುಂದೆ ದೊಡ್ಡ ರಸ್ತೆಗೆ ಗಾಜಿನ ಬಾಗಿಲು, ಹಿಂದೆ ಓಣಿಗೆ ತಗಡಿನ ಬಾಗಿಲು. ಮುಂದಿನ ಅರ್ಧದಲ್ಲಿ ಎರಡು ತಿರುಗುವ ಕುರ್ಚಿ, ಗೋಡೆಯುದ್ದದ ಕನ್ನಡಿ, ಕಾಯುವವರಿಗೊಂದು ಬೆಂಚು. ಹಿಂದಿನ ಅರ್ಧದಲ್ಲಿ ಮುರಿದ ಕುರ್ಚಿ, ಹಳೇ ಪೇಪರು, ಖಾಲಿ ಪೌಡರ್ ಡಬ್ಬಿಗಳ ರಾಶಿ. ಅಪ್ಪ ಆ ಬೀದಿಯಲ್ಲಿ ಮೀಸೆಗೆ ಹೆಸರಾದವನು.

"ತಲೆ ಯಾರು ಬೇಕಾದ್ರೂ ಕತ್ತರಿಸ್ತಾರೆ," ಎನ್ನುತ್ತಿದ್ದ. "ಮೀಸೆ ಅಂದ್ರೆ ಉಸಿರಿನ ಕೆಲಸ. ಎದುರಿಗಿರೋನು ಉಸಿರು ಬಿಟ್ಟಾಗ ಕತ್ತರಿ ಆಡಬೇಕು, ಎಳ್ಕೊಂಡಾಗ ಕೈ ಸುಮ್ನಿರಬೇಕು. ಇಲ್ಲದಿದ್ರೆ ಒಂದು ಕಡೆ ಮೀಸೆ, ಇನ್ನೊಂದು ಕಡೆ ಜಗಳ."

ಚೂಟಿ ಇದನ್ನು ಯಾರೂ ಹೇಳಿಕೊಡದೆ, ನೋಡಿ ನೋಡಿಯೇ ಕಲಿತಳು. ಆದರೆ ಕೈಗೆ ಕತ್ತರಿ ಬಂದರೇನು, ಅವಳ ಮುಂದೆ ಗದ್ದ ಎತ್ತಿ ಕೂರುವ ಗಂಡಸು ಆ ಬೀದಿಯಲ್ಲಿ ಹುಟ್ಟಿರಲಿಲ್ಲ. ಬಾಗಿಲಲ್ಲೇ ನಿಂತು ಇಣುಕಿ, "ಏನಮ್ಮಾ, ಅಪ್ಪ ಇಲ್ವಾ? ಸರಿ, ಆಮೇಲೆ ಬರ್ತೀನಿ," ಎಂದು ಹೋಗಿಬಿಡುವರು. ಮದುವೆಯಾಗಿ, ಗಂಡ ಓಡಿಸುವ ಬಸ್ಸಿನಲ್ಲೇ ದಿನಾ ಪಕ್ಕದ ಊರಿಗೆ ಹೋಗಿ, ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಕೋರ್ಸು ಮುಗಿಸಿಕೊಂಡು ಬಂದಳು.

"ನಾಯೀನಾ?" ಎಂದ ಅಪ್ಪ.

"ಹೂಂ. ಅವು 'ಅಪ್ಪ ಇಲ್ವಾ' ಅಂತ ಕೇಳಲ್ಲ," ಎಂದಳು ಮಗಳು.

ಅಪ್ಪ ಹಿಂದಿನ ಅರ್ಧವನ್ನು ಬಿಟ್ಟುಕೊಟ್ಟ, ಒಂದು ಷರತ್ತಿನ ಮೇಲೆ. ನಡುವೆ ಕಂದು ಬಣ್ಣದ ದಪ್ಪ ಪರದೆ ಬಿತ್ತು. ನಾಯಿಗಳು ಓಣಿಯಿಂದ ಬಂದು ಓಣಿಯಿಂದಲೇ ಹೋಗಬೇಕು. "ಪರದೆಯಿಂದ ಈಚೆ ಒಂದು ಬಾಲ ಕಂಡ್ರೂ ನಾನು ಸುಮ್ನಿರಲ್ಲ," ಎಂದ. ಚೂಟಿ ಮುರಿದ ಕುರ್ಚಿಗಳನ್ನು ಗುಜರಿಗೆ ಹಾಕಿ, ನೆಲಕ್ಕೆ ಇಳಿಜಾರು ಕೊಡಿಸಿ, ಮೋರಿಗೆ ಜಾಲರಿ ಹಾಕಿಸಿ, ಒಂದು ದೊಡ್ಡ ಟಬ್ಬನ್ನೂ ಎತ್ತರದ ಮೇಜನ್ನೂ ಇಟ್ಟುಕೊಂಡಳು. ಗಿರಾಕಿಗಳು ಬಂದವು. ಬಾಲ ಅಲ್ಲಾಡಿಸಿದವು ಕೆಲವು, ಹಲ್ಲು ಕಿರಿದವು ಹಲವು.

ಮಗ ಹುಟ್ಟಿದ ಮೇಲೂ ಅವಳು ಕೆಲಸ ಬಿಡಲಿಲ್ಲ. ಗುಂಡು ಎಂದು ಎಲ್ಲರ ಬಾಯಲ್ಲಿ ಬೆಳೆಯುತ್ತಿದ್ದ ಅವನನ್ನು ಬಟ್ಟೆಬುಟ್ಟಿಯಲ್ಲಿ ಮೆತ್ತೆ ಹಾಸಿ ಮಲಗಿಸಿ, ಮೇಜಿನಿಂದ ಒಂದು ಕೈಯಳತೆ ದೂರದಲ್ಲಿ ಇಟ್ಟುಕೊಳ್ಳುತ್ತಿದ್ದಳು. ಅವನು ರಚ್ಚೆ ಹಿಡಿದರೆ ಎದೆಗಾನಿಸಿಕೊಂಡು, ಅವನ ಉಸಿರಿಗೆ ತನ್ನ ಉಸಿರನ್ನು ಜೋಡಿಸಿ, ಮೆಲ್ಲಗೆ ನಿಧಾನ ಮಾಡುತ್ತ ಹೋದರೆ ಸಾಕು, ಕಣ್ಣು ಮುಚ್ಚುತ್ತಿದ್ದ. ಅಪ್ಪನ ಮೀಸೆ ವಿದ್ಯೆ ಮೊಮ್ಮಗನ ನಿದ್ದೆಗೂ ಆಗಿಬಂದಿತ್ತು. ಅಪ್ಪ ದಿನಕ್ಕೆ ಹತ್ತು ಸಲ ಪರದೆ ಸರಿಸಿ ಬರುವನು. "ಮೊಮ್ಮಗನ್ನ ನೋಡೋಕೆ ಬಂದೆ. ನಿನ್ನ ನಾಯಿಗಳನ್ನಲ್ಲ," ಎಂದು ಪ್ರತಿ ಸಲವೂ ಹೇಳುವನು, ಯಾರೋ ಕೇಳಿದ ಹಾಗೆ.

ಹೀಗೆ ಹಾವೂ ಸಾಯದೆ ಕೋಲೂ ಮುರಿಯದೆ ಸಾಗುತ್ತಿದ್ದ ಸಂಸಾರಕ್ಕೆ ಕುತ್ತು ಬಂದದ್ದು ಬಟ್ಟೆಯಿಂದ.

ಗಿರಾಕಿಗಳ ಕೊರಳಿಗೆ ಸುತ್ತುವ ಬಟ್ಟೆ ಬಿಳಿ. ನಾಯಿಗಳ ಮೇಜಿಗೆ ಹಾಸುವ ಬಟ್ಟೆಯೂ ಬಿಳಿಯೇ ಇತ್ತು. ಎಂದಾದರೂ ಎಡವಟ್ಟಾದೀತು ಎಂದು ಚೂಟಿ ಜಾಣತನ ಮಾಡಿ, ನಾಯಿಗಳಿಗೆಂದೇ ಕಡುನೀಲಿ ಬಟ್ಟೆ ತಂದು ಅಂಚು ಹೊಲಿದಳು. ಇನ್ನು ಕಣ್ಣು ಮುಚ್ಚಿಕೊಂಡರೂ ಅದಲು ಬದಲಾಗುವುದಿಲ್ಲ ಎಂದುಕೊಂಡಳು. ಆ ವಾರ ಗುಂಡುವಿಗೆ ಹಲ್ಲು ಬರುವ ಜ್ವರ. ಮೂರು ಸಲ ಮಷಿನ್ ಹಾಕುವ ತಾಳ್ಮೆ ಎಲ್ಲಿಂದ ಬರಬೇಕು? ಅವನ ಚಡ್ಡಿ, ಅಪ್ಪನ ಗಿರಾಕಿಗಳ ಬಟ್ಟೆ, ನಾಯಿಗಳ ಬಟ್ಟೆ ಎಲ್ಲವನ್ನೂ ಒಟ್ಟಿಗೆ ತುಂಬಿದಳು. ಹೊಸ ಬಟ್ಟೆ ಇದ್ದಬದ್ದ ಬಣ್ಣವನ್ನೆಲ್ಲ ಬಿಟ್ಟಿತು. ತೆಗೆದು ನೋಡಿದರೆ, ಚಡ್ಡಿಯಿಂದ ಹಿಡಿದು ಎಲ್ಲವೂ ಒಂದೇ ತಿಳಿನೀಲಿ!

ಅವಳು ವಿಂಗಡಿಸುವ ಮೊದಲೇ, ಬೆಳಗಿನ ಅವಸರದಲ್ಲಿ, ಅಪ್ಪ ಹಗ್ಗದಿಂದ ಒಂದನ್ನು ಎಳೆದುಕೊಂಡು ಹೋಗಿ ಪೋಸ್ಟ್ ಮಾಸ್ಟರರ ಕೊರಳಿಗೆ ಸುತ್ತಿಬಿಟ್ಟ.

ಪೋಸ್ಟ್ ಮಾಸ್ಟರರು ನಿವೃತ್ತರಾಗಿ ಕೆಲವು ವರ್ಷವಾಗಿತ್ತು. ಅವರ ಮೀಸೆ ಮಾತ್ರ ಇನ್ನೂ ಕೆಲಸದಲ್ಲಿತ್ತು. ಎರಡು ತುದಿಯೂ ಗಡಿಯಾರದ ಮುಳ್ಳಿನ ಹಾಗೆ ಮೇಲಕ್ಕೆ. ಅಪ್ಪ ಅದನ್ನು ಸಾಕಿದ್ದು ಮಗಳನ್ನು ಸಾಕಿದಷ್ಟೇ ಕಾಲ. ಬಟ್ಟೆಯ ನೇಯ್ಗೆಯಲ್ಲಿ ಸಿಕ್ಕಿಕೊಂಡಿದ್ದ ಬಿಳೀ ನಾಯಿಕೂದಲು ಬಣ್ಣ ಹಚ್ಚಿದ ಆ ಕರೀ ಮೀಸೆಗೆ ಅಂಟಿತು. ಅವರು ಸೀನಿದರು. ಮತ್ತೆ ಸೀನಿದರು. ಬೆಂಚಿನಲ್ಲಿದ್ದ ಹೂವಿನಂಗಡಿಯವನು, "ಮಾಸ್ಟ್ರೇ, ಬೊಗಳೋಕೆ ಶುರು ಮಾಡ್ಬೇಡಿ ಮತ್ತೆ," ಎಂದ. ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿ ಅದನ್ನೇ ಹೇಳಿಕೊಂಡು ನಕ್ಕಿತು. ಪೋಸ್ಟ್ ಮಾಸ್ಟರರು ಅರ್ಧಕ್ಕೇ ಎದ್ದು ಹೋದವರು ಮತ್ತೆ ಬರಲಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅಪ್ಪ ಮಗಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿಯ ಹಿಡಿಯನ್ನು ಒರೆಸುತ್ತ ಒರೆಸುತ್ತ ಹೇಳಿದ: "ಈ ತಿಂಗಳು ಮುಗಿಯೋ ಹೊತ್ತಿಗೆ ನಿನ್ನ ನಾಯಿಗಳಿಗೆ ಬೇರೆ ಜಾಗ ನೋಡ್ಕೋಮ್ಮ."

ಬೇರೆ ಜಾಗ ಎಲ್ಲಿಯದು? ಮೋರಿ, ಇಳಿಜಾರು, ಬಿಸಿನೀರು, ಎಲ್ಲಕ್ಕಿಂತ ಹೆಚ್ಚಾಗಿ ಕೈಯಳತೆಯಲ್ಲಿ ಮಗು, ಕೂಗಳತೆಯಲ್ಲಿ ತಾತ. ಇಲ್ಲಿಂದ ಎದ್ದರೆ ಗುಂಡು ಶಾಲೆಗೆ ಹೋಗುವವರೆಗೆ ಅವಳ ಕತ್ತರಿ ಪೆಟ್ಟಿಗೆಯಲ್ಲೇ. ಅವಳಿಗೆ ಅದು ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಗೊತ್ತಿದ್ದೂ ಹೇಳಿದ ಮಾತಿಗೆ ಎದುರು ಮಾತು ಹೂಡುವುದು ಹೇಗೆ? ಗಂಡ, "ನಿಮ್ಮಪ್ಪನ ಹತ್ರ ನಾನು ಮಾತಾಡ್ಲಾ?" ಎಂದ. "ಬೇಡ. ನೀವು ಮಾತಾಡಿದ್ರೆ ಮುಂದಿನ ಬಾಗಿಲೂ ನಮಗೆ ಮುಚ್ಚಿಹೋಗುತ್ತೆ," ಎಂದಳು.

ತಿಂಗಳ ಕೊನೆಯ ವಾರ. ಒಂದು ಬೆಳಗ್ಗೆ ತಗಡಿನ ಬಾಗಿಲಿಗೆ ಢಬ್ಬೆಂದು ಏನೋ ಬಡಿಯಿತು. ತೆರೆದರೆ ಬೂದುಬಣ್ಣದ ಗುಂಗುರು ಕೂದಲಿನ ಮುದ್ದೆಯೊಂದು. ಮೂಗು ಎಲ್ಲಿ, ಕಣ್ಣು ಎಲ್ಲಿ ಎಂದು ಹುಡುಕಬೇಕು. ಬಾಗಿಲು ಕಾಣದೆ ತಲೆ ಗುದ್ದಿಕೊಂಡಿತ್ತು ಪಾಪ. ಅದರ ಹಗ್ಗದ ಆ ತುದಿಯಲ್ಲಿ ಪೋಸ್ಟ್ ಮಾಸ್ಟರರು. ಅವರ ಮೀಸೆಯನ್ನು ಕಂಡು ಚೂಟಿ ತುಟಿ ಕಚ್ಚಿಕೊಂಡಳು. ಬೇರೆ ಯಾವುದೋ ಸಲೂನಿಗೆ ಹೋಗಿದ್ದರು ಎಂದು ಕಾಣುತ್ತದೆ. ಎಡತುದಿಯಲ್ಲಿ ಹೊತ್ತು ಹುಟ್ಟುತ್ತಿತ್ತು, ಬಲತುದಿಯಲ್ಲಿ ಮುಳುಗುತ್ತಿತ್ತು.

ಅವರು ಪಿಸುದನಿಯಲ್ಲಿ, "ನಾನು ಬಂದಿದ್ದೀನಿ ಅಂತ ನಿಮ್ಮಪ್ಪನಿಗೆ ಹೇಳ್ಬೇಡ," ಎಂದರು.

ಪರದೆಯ ಆಚೆಯಿಂದ ಅಪ್ಪನ ದನಿ ಬಂತು. "ಅವರು ಬಂದಿದ್ದು ನನಗೆ ಗೊತ್ತಿಲ್ಲ ಅಂತ ಹೇಳು ಚೂಟಿ."

"ನಾನು ನಾಯಿ ಕೆಲಸಕ್ಕೆ ಬಂದಿರೋದು ಅಂತ ಹೇಳಮ್ಮಾ."

"ಅದಕ್ಕೇ ಹಿಂದಿನ ಬಾಗಿಲು ಅಂತ ಹೇಳು."

"ಇಬ್ಬರೂ ಸ್ವಲ್ಪ ಸುಮ್ನಿರಿ, ಮಗು ಮಲಗಿದೆ," ಎಂದು ಚೂಟಿ ನಾಯಿಯನ್ನು ಎತ್ತಿ ಮೇಜಿನ ಮೇಲಿಟ್ಟಳು. "ಇದ್ಯಾವ ತಳಿ ಮಾಸ್ಟ್ರೇ?"

"ಶ್ನೂಡಲ್ ಅಂತೆ." ಅವರು ಆ ಮಾತನ್ನು ಬಾಯಿಂದ ಹೊರಗೆ ಹಾಕುವಂತೆ ಹೇಳಿದರು. "ಅಪ್ಪ ಒಬ್ಬನೇ ಇದ್ದಾನೆ ಅಂತ ಮಗಳು ಕಳಿಸಿಬಿಟ್ಟಳು. ಕೇಳಿದೋರೆಲ್ಲ 'ನೂಡಲ್ಸಾ?' ಅಂತಾರೆ. ಇದೆಂಥಾ ಹೆಸರು, ಎಲ್ಲಿಂದ ಬಂತು, ಯಾರಿಗೂ ಗೊತ್ತಿಲ್ಲ. ಜೀವಮಾನ ಎಲ್ಲಾ ವಿಳಾಸ ಓದಿದೋನು ಕಣಮ್ಮಾ ನಾನು. ಕಳಿಸಿದವರ ಊರು ಗೊತ್ತಿಲ್ಲದ ಪಾರ್ಸೆಲ್ನ ನಾನು ಇಟ್ಕೊಂಡೋನಲ್ಲ. ಭಾನುವಾರ ವಾಪಸ್. ಕಳಿಸೋ ಮುಂಚೆ ನೀಟಾಗಿರ್ಲಿ ಅಂತ ತಂದೆ."

ಮಾತು ಗಡುಸಾಗಿತ್ತು. ಕೈ ಮಾತ್ರ ನಾಯಿಯ ಬೆನ್ನ ಮೇಲೆ ಆಡುತ್ತಲೇ ಇತ್ತು.

"ಅರ್ಧ ವಿಳಾಸ ನನಗೆ ಗೊತ್ತು ಮಾಸ್ಟ್ರೇ," ಎಂದಳು ಚೂಟಿ. "ಇದರ ಅಪ್ಪ ಅಮ್ಮನಲ್ಲಿ ಒಬ್ಬರು ಶ್ನೌಜರ್, ಇನ್ನೊಬ್ಬರು ಪೂಡಲ್. ಮೊದಲನೇ ಹೆಸರಿನ ತಲೆ, ಎರಡನೇ ಹೆಸರಿನ ಬಾಲ ಕತ್ತರಿಸಿ ಜೋಡಿಸಿದ್ರು, ಶ್ನೂಡಲ್ ಆಯ್ತು. ಪೂಡಲ್ ಅನ್ನೋದು ಜರ್ಮನ್ ಮಾತಿಂದ ಬಂದಿದ್ದು. ನೀರಲ್ಲಿ ಪಚಪಚ ಆಡೋದು ಅಂತ ಅರ್ಥ. ಬೇಟೆಯಲ್ಲಿ ನೀರಿಗೆ ಬಿದ್ದ ಹಕ್ಕಿನ ಈಜಿ ತರೋ ನಾಯಿ ಅದು. ಈಜೋಕೆ ಹಗುರಾಗ್ಲಿ ಅಂತ ಮೈ ಕೂದಲು ಕತ್ತರಿಸ್ತಿದ್ರು, ಚಳಿ ಆಗ್ಬಾರ್ದು ಅಂತ ಎದೆ ಮೇಲೂ ಕೀಲುಗಳ ಮೇಲೂ ಬಿಡ್ತಿದ್ರು. ಕೋರ್ಸಲ್ಲಿ ನಮಗೆ ಹೆಸರು ಹೇಳಿಯೇ ಕಟಿಂಗ್ ಹೇಳಿಕೊಟ್ಟಿದ್ದು."

"ಮತ್ತೆ ಆ ಮುಂದಿನ ಅರ್ಧ?"

"ಅದು ಗೊತ್ತಿಲ್ಲ. ಶ್ನೌಜರ್ ಪಾಠದ ದಿನ ಗುಂಡು ಹೊಟ್ಟೇಲಿದ್ದ. ವಾಂತಿ ಮಾಡೋಕೆ ಎದ್ದು ಹೋಗಿದ್ದೆ."

ಪೋಸ್ಟ್ ಮಾಸ್ಟರರು ಅರ್ಧ ವಿಳಾಸಕ್ಕೆ ಸುಮ್ಮನಾಗುವವರಲ್ಲ. ಅಲ್ಲೇ ನಿಂತು ಮಗಳಿಗೆ ಫೋನು ಹಚ್ಚಿದರು. ಈಗ ಕೆಲಸದಲ್ಲಿದ್ದೀನಪ್ಪಾ, ನಾಯಿ ಕೊಟ್ಟವರನ್ನು ಕೇಳಿ ಆಮೇಲೆ ಹೇಳುತ್ತೀನಿ ಎಂದಳು ಅವಳು. ಅಷ್ಟರಲ್ಲಿ ಚೂಟಿ ನಾಯಿಯನ್ನು ಟಬ್ಬಿಗೆ ಇಳಿಸಿದಳು. ಇಳಿಸಿದ್ದೇ ತಡ, ಅದಕ್ಕೆ ಹುಚ್ಚು ಹಿಡಿದಂತಾಯಿತು. ನಾಲ್ಕೂ ಕಾಲಿನಿಂದ ನೀರನ್ನು ಬಡಿದು, ಮೂತಿ ಮುಳುಗಿಸಿ ಬುರಬುರ ಎನಿಸಿ, ಇಡೀ ಮೈ ಒದರಿ, ಗೋಡೆಗೂ ಸೂರಿಗೂ ಪೋಸ್ಟ್ ಮಾಸ್ಟರರ ಇಸ್ತ್ರಿ ಶರ್ಟಿಗೂ ಸಮನಾಗಿ ಹಂಚಿತು. ಗುಂಡು ಎಚ್ಚರಗೊಂಡು ಬುಟ್ಟಿಯಲ್ಲೇ ಕೇಕೆ ಹಾಕಿ ನಕ್ಕ. ಮೈಯೆಲ್ಲ ತೊಯ್ದ ಪೋಸ್ಟ್ ಮಾಸ್ಟರರು ಮುಖ ಒರೆಸಿಕೊಂಡು, "ಹಿಂದಿನ ಅರ್ಧ ಸರಿಯಾಗಿದೆ," ಎಂದರು.

ಒಣಗಿಸಿ, ಸಿಕ್ಕು ಬಿಡಿಸಿ, ಮೈ ಕೂದಲನ್ನು ಮಟ್ಟಸವಾಗಿ ಇಳಿಸುತ್ತಿರುವಾಗ ಫೋನು ಬಂತು. ಫೋನಿನಲ್ಲಿ ಸರಿಯಾಗಿ ಕೇಳಿಸದ ಮಾಸ್ಟರರಿಗಾಗಿ ಅವರ ಮಗಳು ಕೂಗಿ ಹೇಳಿದ್ದು ಅಂಗಡಿಗೆಲ್ಲ ಕೇಳಿಸಿತು.

"ಅಪ್ಪಾ! ಜರ್ಮನ್‌ನಲ್ಲಿ ಶ್ನೌಟ್ಸೆ ಅಂದ್ರೆ ಮೂತಿ ಅಂತೆ. ಗಡ್ಡಮೀಸೆ ಇರೋ ಮೂತಿ ಅಲ್ವಾ ಅದರದ್ದು, ಅದಕ್ಕೇ ಶ್ನೌಜರ್. ಅಲ್ಲಿಯ ಜನ ಬಾಯ್ಮಾತಲ್ಲಿ ಮನುಷ್ಯರ ಮೀಸೆಗೂ ಹಾಗೇ ಅಂತಾರಂತೆ. ನಿನಗೆ ಸರಿಯಾದ ಜೋಡಿನೇ ಕಳಿಸಿದ್ದೀನಿ ನೋಡು!"

ಪರದೆಯ ಆಚೆ ಅಪ್ಪ ಕತ್ತರಿ ಮಸೆಯುವ ಸದ್ದು ನಿಂತಿತು.

ಚೂಟಿ ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದು ನಾಯಿಯನ್ನು ನೋಡಿದಳು. ಹೆಸರಿನ ಮುಂದಿನ ಅರ್ಧ ನಾಯಿಯ ಮುಂದಿನ ಅರ್ಧದಲ್ಲಿತ್ತು, ಹಿಂದಿನದು ಹಿಂದಿನದರಲ್ಲಿ. ಯಾರೋ ಹೆಸರಿಟ್ಟಿದ್ದರೋ, ಕಟಿಂಗ್ ಮಾಡುವವರಿಗೆ ನಕ್ಷೆ ಬರೆದುಕೊಟ್ಟಿದ್ದರೋ! ಹಿಂದಿನದನ್ನು ಅವಳು ಮುಗಿಸಿದ್ದಳು. ಮುಂದಿನದಕ್ಕೆ ಕತ್ತರಿ ಹಿಡಿದರೆ ನಾಯಿ ಗುರ್ರೆಂದು ಮುಖ ತಿರುಗಿಸಿತು. ಇನ್ನೊಮ್ಮೆ ಹಿಡಿದಳು, ಬಾಚಣಿಗೆಯನ್ನು ಕಚ್ಚಿಕೊಂಡಿತು. ಮುಖವನ್ನು ಮಷಿನ್ನಿನಿಂದ ಗುಂಡಗೆ ಇಳಿಸಿಬಿಟ್ಟರೆ ಕೆಲಸ ಸಲೀಸು, ಮುಕ್ಕಾಲು ಮಂದಿ ಹಾಗೇ ಮಾಡುವುದು. ಆದರೆ ಆಗ ಅರ್ಧ ಹೆಸರೇ ಮೋರಿಗೆ ಹೋದಂತೆ. ಆಮೇಲೆ ಇದು ಮಾಸ್ಟರರ ಜೋಡಿಯೂ ಅಲ್ಲ, ಭಾನುವಾರ ವಾಪಸ್ಸೇ ಸೈ.

ಅವಳು ಕತ್ತರಿ ಕೆಳಗಿಟ್ಟು ಪರದೆಯ ಕಡೆಗೆ ತಿರುಗಿದಳು.

"ಅಪ್ಪಾ. ಇಲ್ಲೊಂದು ಮೀಸೆ ಇದೆ."

ಆಚೆ ಕತ್ತರಿ ಕೆಳಗಿಟ್ಟ ಸದ್ದು. ಆಮೇಲೆ, "ನಾಯೀದಾ?"

"ಯಾರದಾದ್ರೇನಪ್ಪಾ? ಉಸಿರಾಡ್ತಿದೆ."

ಪರದೆ ಸರಿಯಿತು. ಅಪ್ಪ ಬಂದವನು, ಈ ಸಲ ಮೊಮ್ಮಗನನ್ನು ನೋಡಲು ಬಂದೆ ಎನ್ನಲಿಲ್ಲ. ನಾಯಿಯ ಗದ್ದವನ್ನು ಎರಡು ಬೆರಳಲ್ಲಿ ಎತ್ತಿ, ಎಡಕ್ಕೂ ಬಲಕ್ಕೂ ವಾಲಿಸಿ ನೋಡಿದ. ಆಮೇಲೆ ಕಣ್ಣೆತ್ತಿ ಪೋಸ್ಟ್ ಮಾಸ್ಟರರ ಮೀಸೆ ನೋಡಿದ. ಅವನ ಮುಖ ಹಿಂಡಿಹೋಯಿತು.

"ಅಯ್ಯೋ, ಯಾವನ್ರೀ ಇದನ್ನ ಮಾಡಿದ್ದು? ಕುಡುಗೋಲಲ್ಲಿ ಮಾಡಿದ್ನಾ?"

"ನಾನು ನಾಯಿ ಕೆಲಸಕ್ಕೆ ಬಂದಿರೋದು," ಎಂದರು ಪೋಸ್ಟ್ ಮಾಸ್ಟರರು ಗೋಡೆ ನೋಡುತ್ತ.

"ಇಲ್ಲಿ ಬೆಳಕು ಸಾಲದು," ಎಂದ ಅಪ್ಪ, ಯಾರಿಗೆ ಎಂದು ಹೇಳದೆ. ನಾಯಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಪರದೆಯನ್ನು ಹೆಗಲಿಂದ ತಳ್ಳಿ ನಡೆದ. ಬಾಲ ಈಚೆಯಿಂದ ಆಚೆಗೆ ದಾಟಿತು. ಬೆಂಚಿನ ಮೇಲೆ ಹೂವಿನಂಗಡಿಯವನು ಪೇಪರು ಕೆಳಗಿಳಿಸಿ ಬಾಯಿ ತೆರೆದ. ಅಪ್ಪ ಅದನ್ನು ಮೊದಲನೇ ಕುರ್ಚಿಯ ಮೇಲೆ ಕೂರಿಸಿ, ಎತ್ತರ ಸರಿಮಾಡಿ, ಕೂಗಿದ: "ಚೂಟಿ, ಬಟ್ಟೆ ತಾ!"

"ಯಾವುದಪ್ಪಾ? ನಾಯೀದಾ, ಮನುಷ್ಯರದಾ?"

"ಎಲ್ಲಾ ಒಂದೇ ಬಣ್ಣ ಮಾಡಿಟ್ಟಿದ್ದೀಯಲ್ಲ ತಾಯಿ. ಯಾವುದೋ ಒಂದು ತಾ."

ಅವಳು ಒಗೆದು, ಕುದಿಸಿ, ಕೊಡವಿ ಮಡಿಸಿಟ್ಟಿದ್ದ ತಿಳಿನೀಲಿ ಬಟ್ಟೆ ಎರಡು ತಂದಳು. ಯಾಕೆ ಎರಡು ಎಂದು ಅವಳಿಗೇ ಗೊತ್ತಿರಲಿಲ್ಲ. ಅಪ್ಪ ಒಂದನ್ನು ನಾಯಿಗೆ ಸುತ್ತಿ, ಇನ್ನೊಂದನ್ನು ಎರಡನೇ ಕುರ್ಚಿಯ ಬೆನ್ನಿಗೆ ಹಾಕಿ, ಪೋಸ್ಟ್ ಮಾಸ್ಟರರಿಗೆ, "ಕೂತ್ಕೊಳ್ಳಿ. ಆ ಅನಾಹುತ ಇಟ್ಕೊಂಡು ನನ್ನ ಅಂಗಡಿಯಿಂದ ಹೊರಗೆ ಹೋಗಕ್ಕೆ ಬಿಡಲ್ಲ. ನಾಯಿ ನಾನು ನೋಡ್ತೀನಿ. ನಿಮ್ಮದನ್ನ ಅವಳು ಮಾಡ್ತಾಳೆ," ಎಂದ.

"ಅವಳಾ?"

"ಹೂಂ, ಅವಳೇ. ನಿಮ್ಮ ನಾಯಿ ಅವಳಿಗೆ ಇಡೀ ಮೈ ಒಪ್ಪಿಸ್ತು. ನಿಮ್ಮದು ಬರೀ ಮೀಸೆ."

ಹೂವಿನಂಗಡಿಯವನು ನಗು ತಡೆಯಲಾರದೆ ಕೆಮ್ಮಿದ. ಪೋಸ್ಟ್ ಮಾಸ್ಟರರು ನಾಯಿಯನ್ನು ನೋಡಿದರು, ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡರು. ಕುಳಿತರು. ಆಮೇಲೆ, ನಿಧಾನವಾಗಿ, ಗದ್ದ ಎತ್ತಿದರು.

ಆ ಬೀದಿಯಲ್ಲಿ ಹುಟ್ಟದ ಗಂಡಸು ಅಂದು ಹುಟ್ಟಿದ.

ಚೂಟಿ ಅಪ್ಪನ ಇನ್ನೊಂದು ಕತ್ತರಿಯನ್ನು ಕೈಗೆತ್ತಿಕೊಂಡಳು. ಪಕ್ಕದಲ್ಲಿ ಅಪ್ಪ ನಾಯಿಯ ಮೂತಿಯ ಹತ್ತಿರ ಬಗ್ಗಿದ್ದ. ಅದು ನಾಲಗೆ ಚಾಚಿ ಏದುಸಿರು ಬಿಡುತ್ತಿತ್ತು. ಅಪ್ಪ ಕತ್ತರಿ ಎತ್ತಲಿಲ್ಲ. ಅದರ ಜೊತೆ ತಾನೂ ಉಸಿರಾಡಿದ, ಮೊದಲು ಬೇಗ, ಆಮೇಲೆ ಸ್ವಲ್ಪ ನಿಧಾನ, ಇನ್ನಷ್ಟು ನಿಧಾನ. ನಾಯಿ ನಾಲಗೆ ಒಳಗೆಳೆದುಕೊಂಡು ಬಾಯಿ ಮುಚ್ಚಿತು. ಉಸಿರು ಬಿಟ್ಟಿತು. ಕಚಕ್. ಎಳೆದುಕೊಂಡಿತು. ಕೈ ಸುಮ್ಮನೆ. ಬಿಟ್ಟಿತು. ಕಚಕ್.

ಗುಂಡುವನ್ನು ಮಲಗಿಸುವುದೂ ಹೀಗೇ ಅಲ್ಲವೇ ಎಂದುಕೊಂಡಳು ಚೂಟಿ. ಮಾಸ್ಟರರ ಮೂಗಿನ ಬಿಸಿಗಾಳಿ ಬೆರಳಿಗೆ ತಗುಲಿತು. ಅವಳ ಕತ್ತರಿಯೂ ಆಡತೊಡಗಿತು. ಸ್ವಲ್ಪ ಹೊತ್ತಿಗೆ ಎರಡು ಕುರ್ಚಿ, ಎರಡು ಕತ್ತರಿ ಒಂದೇ ತಾಳಕ್ಕೆ ಬಿದ್ದವು. ಬೆಂಚಿನವರು ಮಾತು ನಿಲ್ಲಿಸಿ ಕೇಳಿದರು.

ಮುಗಿದಾಗ ಕನ್ನಡಿಯಲ್ಲಿ ಎರಡು ಮೀಸೆಗಳಿದ್ದವು. ನಾಯಿಯದು ಕೆಳಕ್ಕೆ ಇಳಿದು ಗಡ್ಡಕ್ಕೆ ಕೂಡಿಕೊಂಡು, ಹುಬ್ಬಿನ ಕೆಳಗೆ ಕಂದು ಕಣ್ಣೆರಡು ಮೊದಲ ಸಲ ಜಗತ್ತಿಗೆ ಕಂಡಿದ್ದವು. ಮಾಸ್ಟರರದು ಗಿಡ್ಡಗಾಗಿದ್ದರೂ ಎರಡು ತುದಿಯೂ ಒಂದೇ ಸಮ, ಮೇಲಕ್ಕೆ. ನಾಯಿ ಪಕ್ಕದ ಕುರ್ಚಿಯತ್ತ ತಿರುಗಿ ತನ್ನ ಯಜಮಾನನನ್ನು ನೋಡಿ, ಇದೇ ಮೊದಲು ಕಂಡಂತೆ ಬಾಲ ಬಡಿಯಿತು. ಬಟ್ಟೆಯಡಿ ಪಟಪಟ ಸದ್ದು.

ಪೋಸ್ಟ್ ಮಾಸ್ಟರರು ಮೀಸೆಯ ಎರಡು ತುದಿಯನ್ನೂ ಮುಟ್ಟಿ ನೋಡಿಕೊಂಡರು. ಆಮೇಲೆ ಕನ್ನಡಿಯಲ್ಲಿ ಅಪ್ಪನನ್ನು, ಅವನ ಹಿಂದೆ ಸರಿದು ನಿಂತಿದ್ದ ಪರದೆಯನ್ನು, ಅದರಾಚೆ ಇನ್ನೂ ತೊಟ್ಟಿಕ್ಕುತ್ತಿದ್ದ ಟಬ್ಬನ್ನು ಒಂದೊಂದಾಗಿ ನೋಡಿದರು.

"ಮುಂದೆ ಮೀಸೆ, ಹಿಂದೆ ನೀರು. ಯಜಮಾನ್ರೇ, ನಿಮ್ಮ ಅಂಗಡಿನೂ ಇದೇ ತಳಿ ಕಣ್ರೀ."

ಬೆಂಚು ಹೋ ಎಂದು ನಕ್ಕಿತು. ಅಪ್ಪ ನಗಲಿಲ್ಲ. ಬಾಚಣಿಗೆ ತೆಗೆದುಕೊಂಡು ಮಗಳು ಮಾಡಿದ ಮೀಸೆಯನ್ನು ಎರಡು ಕಡೆಯೂ ಎತ್ತಿ ಪರೀಕ್ಷೆ ಮಾಡಿದ. "ಎಡಗಡೆ ಒಂದು ಕೂದಲು ಹೆಚ್ಚಿದೆ," ಎಂದ. ಅದನ್ನು ಕತ್ತರಿಸದೆ ಹಾಗೇ ಬಿಟ್ಟ. ಅಪ್ಪನನ್ನು ಬಲ್ಲವರಿಗೆ ಅದಕ್ಕಿಂತ ದೊಡ್ಡ ಬಹುಮಾನ ಇಲ್ಲ ಎಂದು ಗೊತ್ತು, ಚೂಟಿ ಬಲ್ಲಳು. ಕಣ್ಣು ತುಂಬಿ ಬಂದದ್ದಕ್ಕೆ ಪೌಡರ್ ಧೂಳನ್ನು ದೂರಿದಳು.

ಪಾರ್ಸೆಲ್ ವಾಪಸ್ಸಾಗಲಿಲ್ಲ. ಪೋಸ್ಟ್ ಮಾಸ್ಟರರು ಗಾಜಿನ ಬಾಗಿಲಿಂದಲೇ, ಎಲ್ಲರೂ ನೋಡುವಂತೆ, ನಾಯಿಯೊಡನೆ ಹೊರಟರು. ಮೆಟ್ಟಿಲಿಳಿದ ಕೂಡಲೇ ಶ್ನೂಡಲ್ ನಲ್ಲಿಯ ಪಕ್ಕದ ಹೊಂಡಕ್ಕೆ ನಾಲ್ಕು ಕಾಲೂ ಎತ್ತಿ ಹಾರಿ, ಮೈಯೆಲ್ಲ ರಾಡಿ ಮಾಡಿಕೊಂಡು, ತಲೆ ಮಾತ್ರ ಎತ್ತಿ ನಿಂತಿತು. "ನೋಡಿ ನೋಡಿ," ಎಂದು ಕೂಗಿದ ಹೂವಿನಂಗಡಿಯವನು, "ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ!"

ತಿಂಗಳು ಮುಗಿದ ಸಂಜೆ ಅಪ್ಪ ಕುರ್ಚಿಯ ಹಿಡಿ ಒರೆಸುತ್ತ, ಮಗಳ ಮುಖ ನೋಡದೆ ಕೇಳಿದ: "ನಾಯಿಗಳಿಗೆ ಜಾಗ ನೋಡ್ಕೋ ಅಂದಿದ್ದೆ. ನೋಡಿದ್ಯಾ?"

"ನೋಡಿದೆ."

"ಎಲ್ಲಿ?"

"ಮೊದಲನೇ ಕುರ್ಚಿ. ಎರಡನೇದು ನನಗಿರ್ಲಿ. ನಾಳೆ ಮಾಸ್ಟ್ರ ಸ್ನೇಹಿತರು ಮೂರು ಜನ ಬರ್ತಾರಂತೆ. ಚೂಟಿ ಇದ್ದಾಳಾ ಅಂತ ಕೇಳ್ಕೊಂಡು ಹೋದ್ರು."

ಅಪ್ಪ ಒರೆಸುವುದನ್ನು ನಿಲ್ಲಿಸಿದ. ಎದ್ದು ಸ್ಟೂಲು ಎಳೆದುಕೊಂಡು, ಪರದೆಯ ಕೊಕ್ಕೆಗಳನ್ನು ಒಂದೊಂದೇ ಬಿಚ್ಚಿ, ಕಂದು ಬಟ್ಟೆಯನ್ನು ಅವಳ ತೋಳಿಗೆ ಇಳಿಬಿಟ್ಟ. ಓಣಿಯ ಬಾಗಿಲಿಂದ ರಸ್ತೆಯ ಬಾಗಿಲಿನವರೆಗೂ ಒಂದೇ ಗಾಳಿ ಹಾದುಹೋಯಿತು. ಬುಟ್ಟಿಯಿಂದ ಗುಂಡು ತಾತನನ್ನು ನೇರವಾಗಿ ಕಂಡು ಕೈ ಚಾಚಿದ.

ಚೂಟಿ ಆಗಲೇ ಬಟ್ಟೆಯ ಅಗಲ ಅಳೆಯುತ್ತಿದ್ದಳು. ಎಂಟು ಟವೆಲು ಧಾರಾಳವಾಗಿ ಆಗುತ್ತವೆ, ಮಿಕ್ಕಿದ್ದರಲ್ಲಿ ಗುಂಡುವಿಗೊಂದು ಮೆತ್ತೆ.

"ಒಗಿಯೋವಾಗ ಬೇರೆ ಹಾಕಮ್ಮಾ," ಎಂದ ಅಪ್ಪ, ಮೊಮ್ಮಗನನ್ನು ಎತ್ತಿಕೊಳ್ಳುತ್ತ. "ಎಲ್ಲರೂ ಕಂದುಬಣ್ಣ ಆಗಿಬಿಟ್ಟೇವು."